ಪಕ್ಕೆಮುಳ್ಳು

ಇಪ್ಪತ್ತೇಳು ಡಬ್ಬಿ ಕೊಟ್ಟು ಬಂದಿದ್ದೆ,
ಮರಳಿದ್ದು ಇಪ್ಪತ್ತೆರಡು.
ಒಂದರಲ್ಲಿ ಆಡಿನ ಹಿಕ್ಕೆ, ಇನ್ನೊಂದರಲ್ಲಿ ಅರೆದ ಖರ್ಜೂರ.
ನಾಲ್ಕನೇ ತರಗತಿಯ ಹುಡುಗರು ಎಲ್ಲಿದ್ದರೂ ಅವರೇ.
ಮುಸಲ್ಲಂ ಮೇಷ್ಟ್ರು ಮೂಗು ಮುಚ್ಚಿಕೊಂಡೇ ಸಹಿ ಹಾಕಿದರು.

ಐನ್ ಶರೂಫ್. ಸಲಾಲಾದಿಂದ ಬೆಟ್ಟ ಹತ್ತಿ ಒಂದು ಗಂಟೆ.
ಗಲ್ಫಿನಲ್ಲಿದ್ದಾನೆ ಅಂದರೆ ಊರಲ್ಲಿ
ಮರಳು, ಎಣ್ಣೆಬಾವಿ, ಗಾಜಿನ ಗೋಪುರ ಅಂದುಕೊಳ್ಳುತ್ತಾರೆ.
ಇಲ್ಲಿ ಖರೀಫಿನ ಮಂಜು ಮೂರು ತಿಂಗಳು
ಬೆಟ್ಟಕ್ಕೆ ಒದ್ದೆ ಕಂಬಳಿ ಹೊದಿಸಿ ಈಗಷ್ಟೇ ಹೋಗಿದೆ;
ಬುಗ್ಗೆಯಿಂದ ಹೊರಟ ವಾದಿ ಶಾಲೆಯ ಬೆನ್ನು ಬಳಸಿ
ಮೊಣಕಾಲುದ್ದ ಹರಿದು, ಅತ್ತಿಮರದ ಬುಡದಲ್ಲಿ
ಎದೆಮಟ್ಟ ನಿಂತಿದೆ.

ನಿಂತದ್ದೇ ತಪ್ಪು.
ನಿಂತ ನೀರಿಗೆ ಪಾಚಿ, ಪಾಚಿಗೆ ಬಸವನಹುಳು,
ಕಿರುಬೆರಳ ಉಗುರಿನಷ್ಟು, ಚಪ್ಪಟೆ,
ಗಡಿಯಾರದಿಂದ ಕಿತ್ತಿಟ್ಟ ಸ್ಪ್ರಿಂಗಿನ ಹಾಗೆ.
ಬಿಸಿಲೇರಿದಾಗ ಅದು ತನ್ನವಲ್ಲದ ಮರಿಗಳನ್ನು ಬಿಡುತ್ತದೆ,
ಕವಲುಬಾಲದವು, ಕಣ್ಣಿಗೆ ಕಾಣದವು.
ಬಿಸಿಲೇರಿದಾಗಲೇ ಶಾಲೆಯೂ ಮಕ್ಕಳನ್ನು ಬಿಡುತ್ತದೆ.
ಈ ವೇಳಾಪಟ್ಟಿ ಬರೆದವರು ಯಾರೋ.

ಸಂಜೆ ಲ್ಯಾಬಿನಲ್ಲಿ ಹಳೇ ಎ.ಸಿ. ಗೊರಗುಡುತ್ತದೆ.
ಹಸಿರು ಬಣ್ಣದಲ್ಲಿ ನೆನೆಸಿದ ತೆಳುಹಾಳೆ,
ಅದರಡಿ ಅಕ್ಕಿಕಾಳಿನಷ್ಟು ಮಲ. ಕಣ್ಣಿಡುತ್ತೇನೆ.
ಬಖೀತ್, ಇಲ್ಲ. ಸುಹೈಲ್, ಇದೆ, ಒಂಬತ್ತು.
ಮೊಟ್ಟೆಗೊಂದೇ ಮುಳ್ಳು, ಪಕ್ಕೆಯಲ್ಲಿ,
ನಮ್ಮ ಕಡೆ ಬಾರಿಗಿಡಕ್ಕೆ ಇರುತ್ತದಲ್ಲ, ಅಂಥದ್ದು.

ನಮ್ಮ ಕಡೆ ಅಂದರೆ ದೇವದುರ್ಗದ ಆಚೆ, ಮೆಟ್ಟಿಲಬಾವಿಯ ಊರು.
ಅಜ್ಜಿಯ ಹಿಮ್ಮಡದ ಬೊಬ್ಬೆ ಒಡೆದು ಬಿಳಿ ದಾರ ಇಣುಕಿತ್ತು.
ನಾರುಹುಣ್ಣು.
ಬೆಂಕಿಕಡ್ಡಿಗೆ ದಿನಕ್ಕೊಂದು ಸುತ್ತು, ಹರಿಯದ ಹಾಗೆ, ಇಪ್ಪತ್ತು ದಿನ.
"ನಾವು ನೀರು ಕುಡದ್ವಿ, ನೀರು ನಮ್ಮನ್ನ ನೂಲಾಕತ್ತೈತಿ ನೋಡು"
ಅನ್ನುತ್ತಿದ್ದಳು.
ಯಾರೋ ಬಂದು ಬಟ್ಟೆಯಲ್ಲಿ ಸೋಸಲು ಕಲಿಸಿದರು,
ಬಾವಿಯ ಮೆಟ್ಟಿಲು ಕಿತ್ತರು. ಹುಳು ಹೋಯಿತು.
ನಾನು ಹುಳುವನ್ನೇ ಹಿಡಿದು ಇಷ್ಟು ದೂರ ಬಂದೆ.

ಹದಿನೇಳನೇ ಡಬ್ಬಿ, ಥುಮ್ನಾ.
ನಲವತ್ತೊಂದು. ಎರಡು ಸಲ ಎಣಿಸಿದೆ.
ಹೆಣ್ಣುಮಗು ನೀರಿಗೆ ಇಳಿದೇ ಇಲ್ಲ ಎಂದು
ಅವಳಮ್ಮ ಎದೆ ಮುಟ್ಟಿ ಹೇಳಿದ್ದಳು.
ಇಳಿದಿದ್ದಾಳೆ.
ಹುಡುಗರು ಮನೆ ಸೇರಿದ ಮೇಲೆ, ತಪ್ಪಿದ ಆಡಿನ ನೆಪದಲ್ಲಿ,
ಒಬ್ಬಳೇ, ದಿನವೂ,
ಆಮೇಲೆ ಕೂದಲೊಣಗುವವರೆಗೆ ಬಂಡೆಯ ಮೇಲೆ.
ಅಕ್ಕಿಕಾಳಿನಷ್ಟರಲ್ಲಿ ಇಷ್ಟೂ ಕಂಡಿತು.

ಫಾರಮ್ಮಿನಲ್ಲೊಂದು ಕಾಲಂ: ನೀರಿನ ಸಂಪರ್ಕ ಹೇಗೆ?
ಈಜು ಎಂಬುದರ ಮುಂದಿನ ಚೌಕ ಖಾಲಿ ಬಿಟ್ಟು
ಆಡಿಗೆ ನೀರು ಕುಡಿಸಲು, ಎಂದು ಬರೆದೆ.
ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಮೊದಲ ಸುಳ್ಳು.
ಅಲ್ಲ, ಮೂರನೆಯದು.

ಗುರುವಾರ ಮಾತ್ರೆ.
ಮೊದಲು ಹೊಟ್ಟೆಗೆ ರೊಟ್ಟಿ, ಆಮೇಲೆ ಅಳತೆಕೋಲಿಗೆ ಬೆನ್ನು.
ಎಷ್ಟು ಎತ್ತರವೋ ಅಷ್ಟು ಮಾತ್ರೆ.
ಥುಮ್ನಾ ಉದ್ದ ಕಾಣಲು ಹಿಮ್ಮಡ ಎತ್ತಿದಳು.
ಇಳಿಸು, ಅಂದೆ ನನ್ನ ಮುರುಕು ಅರಬಿಯಲ್ಲಿ.
ಎರಡೂವರೆ.
ಕಹಿಗೆ ಮುಖ ಹಿಂಡುತ್ತ ಕೇಳಿದಳು: ಅದು ನೋಡಲು ಹೇಗಿದೆ?
ಚೀಟಿಯ ಬೆನ್ನಿಗೆ ಬರೆದು ತೋರಿಸಿದೆ.
ಮುಳ್ಳೂ ಇದೆ, ಅಂದಳು, ಮೆಚ್ಚಿದವಳ ಹಾಗೆ.
ನಿನಗೆ ಈಜು ಬರುತ್ತದಾ?
ಇಲ್ಲ. ನಾನು ಹುಟ್ಟುವಷ್ಟರಲ್ಲಿ ಮೆಟ್ಟಿಲು ಕಿತ್ತಿದ್ದರು.
ಅವಳಿಗೆ ಅರ್ಥವಾಗಲಿಲ್ಲ. ಅಯ್ಯೋ ಪಾಪ, ಎಂಬಂತೆ ನೋಡಿದಳು.

ಬರುವ ವಾರ ಮಡುವಿಗೆ ಬೇಲಿ, ಹಳದಿ ಬೋರ್ಡು.
ಬರಲೇಬೇಕು; ಶಿಫಾರಸು ನನ್ನದೇ.
ಇವತ್ತು ಮಧ್ಯಾಹ್ನ ಮೊಣಕಾಲ ಬೂಟು ತೊಟ್ಟು
ಬಸವನಹುಳು ಎಣಿಸಲು ಹೋಗಿದ್ದೆ.
ಬಂಡೆಯ ಮೇಲೆ ಒದ್ದೆ ಪಾದದ ಗುರುತು, ಸಣ್ಣವು,
ಬೆರಳಷ್ಟೇ ಮೂಡಿ ಹಿಮ್ಮಡ ಊರದವು.
ಪುಸ್ತಕ ತೆಗೆಯುವಷ್ಟರಲ್ಲಿ ಒಣಗಿದವು.